ಹ್ವಾದ ಸಲದ ಕಾಕಾ

ಕಾಕಾನ ಖರೇ ಹೆಸರು ಕಲಬುರಗಿಯ ಕಪನೂರಿನ ನಮ್ಮ ಓಣಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವರು ‘ಹ್ವಾದ ಸಲದ ಕಾಕಾ’. ಬೆಂಗಳೂರು ಸೇರಿ ಮೂವತ್ತು ವರ್ಷವಾದರೂ ಹೋಳಿಯ ಬೆನ್ನಿಗೇ ಬರುವ ಶರಣಬಸವೇಶ್ವರ ಜಾತ್ರೆಯನ್ನು ಒಮ್ಮೆಯೂ ತಪ್ಪಿಸಿದವರಲ್ಲ; ಒಮ್ಮೆಯೂ ಮೆಚ್ಚಿದವರೂ ಅಲ್ಲ.

ರೈಲಿನಿಂದ ಇಳಿದವರೇ ನೆತ್ತಿ ಮುಟ್ಟಿಕೊಂಡು, “ಇದೂ ಒಂದು ಬಿಸಲೇನು? ಹ್ವಾದ ಸಲದ ಬಿಸಲಿಗಿ ಒಂದು ಖದರಿತ್ತು” ಅನ್ನುತ್ತಾರೆ.

ಒಮ್ಮೆ ಮೈಸೂರಿನ ಹೊಸ ಅಳಿಯನನ್ನೂ ಕರೆತಂದರು. ಅವನಿಗೆ ಕಲಬುರಗಿ ಅದೇ ಮೊದಲು. ಕೋಟೆಯ 29 ಅಡಿ ಉದ್ದದ ತೋಪು ಕಂಡು ತೆರೆದ ಬಾಯಿ ಮುಚ್ಚಲಿಲ್ಲ. ಕಾಕಾ ಆ ತುದಿಯಿಂದ ಈ ತುದಿಗೆ ಹೆಜ್ಜೆ ಅಳೆದು, “ಹ್ವಾದ ಸಲ ಇನ್ನೂ ಉದ್ದ ಇತ್ತು” ಎಂದರು.

1367ರ ಜಾಮಾ ಮಸೀದಿಗೆ ಬಯಲಂಗಳವಿಲ್ಲ, ಇಡೀ ಮಸೀದಿಗೇ ಸೂರು. ಕಮಾನುಗಳ ನೆರಳಲ್ಲಿ ಅಳಿಯ, “ಎಷ್ಟು ತಂಪು!” ಎಂದ. “ಹ್ವಾದ ಸಲ ಶಾಲು ಹೊದಿಯೂ ಹಂಗಿತ್ತು” ಎಂದರು ಕಾಕಾ.

ಕಮಲಾಪುರದಲ್ಲಿ ಅಳಿಯ ಕೆಂಪು ಬಾಳೆಹಣ್ಣಿನ ಫೋಟೊ ತೆಗೆದ, ತಿಂದು ಸಿಪ್ಪೆಯದೂ ತೆಗೆದ. ಕಾಕಾ ನಾಲ್ಕು ಮುಗಿಸಿ ಐದನೆಯದನ್ನು ಸುಲಿಯುತ್ತ, “ಕೆಂಪು ಕಮ್ಮಿ ಆಗ್ಯದ” ಎಂದು ನಿಟ್ಟುಸಿರಿಟ್ಟರು.

ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅಳಿಯ ಎರಡು ರೊಟ್ಟಿ ತಿಂದು ಹೊಗಳಿದ; ಕಾಕಾ ಆರು ತಿಂದು, “ವೈನಿ, ಹ್ವಾದ ಸಲದ ರುಚಿ ಇಲ್ರಿ” ಎಂದರು. ನಮ್ಮವ್ವ ಏಳನೆಯದನ್ನು ತಾಟಿಗೆ ಹಾಕಿ, “ಹ್ವಾದ ಸಲಾನೂ ಇದೇ ಅಂದಿದ್ದಿ, ಸುಮ್ಮ ಉಣ್ಣಪ್ಪ” ಎಂದಳು.

ಮೊದಲ ಸಲ ಬಂದವನು ಈ ಊರನ್ನು ತಾನು ಕಂಡ ಬೇರೆ ಊರುಗಳ ಜೊತೆ ತೂಗುತ್ತಾನೆ. ಮತ್ತೆ ಬಂದವನು ನೆನಪಿನೂರಿನ ಜೊತೆ. ಆ ನೆನಪಿನೂರಲ್ಲಿ ಕಾಕಾನ ಬಾಯಲ್ಲಿ ಮೂವತ್ತೆರಡೂ ಹಲ್ಲಿದ್ದವು. ಅದರೆದುರು ಇದ್ದೂರು ಗೆದ್ದೀತು ಹೇಗೆ?

ಮರುವರ್ಷವೂ ಅಳಿಯ ಬಂದ. ಅದೇ ತೋಪಿನ ಮುಂದೆ ಹುಬ್ಬು ಗಂಟಿಕ್ಕಿ ನಿಂತು, “ಮಾವ, ಹೋದ ಸಲ ಇದು ಇನ್ನೂ ಉದ್ದ ಇರ್ಲಿಲ್ವಾ?” ಎಂದ.

ಕಾಕಾನ ಮುಖದಲ್ಲಿ ಮೂವತ್ತು ವರ್ಷದಲ್ಲಿ ಮೊದಲ ಸಲ ತೃಪ್ತಿ ಕಂಡೆ. ಅಳಿಯನ ಬೆನ್ನು ತಟ್ಟಿ ಅಂದರು: “ಈಗ ನೋಡ್ರಿ, ನೀವು ನಮ್ಮೂರವರಾದ್ರಿ!”