ಸ್ಟ್ಯಾಂಡ್‌ಬೈ ಸಂಸಾರ

ಹ್ಯಾಮ್ ರೇಡಿಯೋ ಹುಚ್ಚಿರುವವರೆಲ್ಲ ಹೊಸ ಸೆಟ್ಟಿಗೆ ದುಡ್ಡು ಕೂಡಿಡುವ ಕಾಲದಲ್ಲಿ ನಾನು 1960ರ ದಶಕದ ಹೀತ್‌ಕಿಟ್ ಪೆಟ್ಟಿಗೆಗಳನ್ನು ಮನೆ ತುಂಬಿಸಿಕೊಂಡೆ. ಮಾತಾಡಲು ಡಿಎಕ್ಸ್-60 ಟ್ರಾನ್ಸ್‌ಮಿಟರ್, ಕೇಳಲು ಎಚ್‌ಆರ್-10 ರಿಸೀವರ್, ಫ್ರೀಕ್ವೆನ್ಸಿ ಹಿಡಿಯಲು ಎಚ್‌ಜಿ-10 ವಿಎಫ್‌ಒ. ಇವು ಬಿಡಿಭಾಗಗಳ ಕಿಟ್ಟಾಗಿ ಬರುತ್ತಿದ್ದವು; ಬೆಸುಗೆ ಕೊಂಡವರದೇ. ನನ್ನ ಟ್ರಾನ್ಸ್‌ಮಿಟರ್ ಕೂಡಿಸಿದ ಪುಣ್ಯಾತ್ಮ ಸೀಸಕ್ಕೆ ಲೆಕ್ಕ ಇಟ್ಟವನಲ್ಲ.

ಅಮೆರಿಕದ 117 ವೋಲ್ಟಿನ ಇವಕ್ಕೆ ನಮ್ಮ 230 ಕೊಟ್ಟರೆ ಹೊಗೆಯೇ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ದೇವರ ಮನೆ ಪಕ್ಕ ಗುಂಯ್‌ಗುಡುತ್ತ ಕೂತಿತು. "ಓಂಕಾರ ಅಂದುಕೋ" ಅಂದೆ. ಹೆಂಡತಿ ಅಂದುಕೊಳ್ಳಲಿಲ್ಲ.

ನಲವತ್ತು ಮೀಟರ್ ಬ್ಯಾಂಡಿಗೆ ಡೈಪೋಲ್ ಆಂಟೆನಾ ಸುಮಾರು 20 ಮೀಟರ್ ಉದ್ದ ಬೇಕು. ಮಹಡಿಯಲ್ಲಿ ಅಷ್ಟು ಜಾಗ ಬಟ್ಟೆ ಒಣಹಾಕುವ ಹಗ್ಗದ್ದು. ಬೆಳಗ್ಗೆ ಬಟ್ಟೆ ಮೇಲೇರುವ ತನಕ ಮಾತ್ರ ನನ್ನ ತಂತಿ ಇರಬಹುದೆಂದು ಒಪ್ಪಂದವಾಯಿತು.

ಇನ್ನು ಡಯಲ್‌ಗಳು. ವಿಎಫ್‌ಒ 7.080 ಅಂದರೆ ರಿಸೀವರು 7.100 ಅನ್ನುತ್ತದೆ, ಎರಡು ಮಠದ ಪಂಚಾಂಗ ಇಟ್ಟುಕೊಂಡು ಏಕಾದಶಿ ಹುಡುಕಿದ ಹಾಗೆ. ಎದುರಿನವರ ಸಿಗ್ನಲ್ಲಿಗೆ ರಿಸೀವರ್ ನಿಲ್ಲಿಸಿ, ವಿಎಫ್‌ಒದ ಸಿಳ್ಳೆ ಇಳಿದಿಳಿದು ಸೊನ್ನೆಯಾಗುವವರೆಗೆ ತಿರುಗಿಸಬೇಕು. ಸೊನ್ನೆಯಾಗುವಷ್ಟರಲ್ಲಿ ಟ್ಯೂಬು ಕಾದು ಅದು ಮತ್ತೆ ಜಾರಿರುತ್ತದೆ. ಎದುರಿನವರೂ ಅಷ್ಟೊತ್ತಿಗೆ ತಿಂಡಿಗೆ ಎದ್ದಿರುತ್ತಾರೆ.

ಮಾತಾಡುವ ಮುಂಚೆ ರಿಸೀವರನ್ನು ಸ್ಟ್ಯಾಂಡ್‌ಬೈಗೆ ಹಾಕಬೇಕು, ಆಂಟೆನಾ ಬದಲಿಸಬೇಕು, ಆಮೇಲೆ ಟ್ರಾನ್ಸ್‌ಮಿಟರ್ ಎಬ್ಬಿಸಬೇಕು. ಒಂದು ರಿಲೇ ಇದ್ದರೆ ಇದೆಲ್ಲ ಒಂದೇ ಸ್ವಿಚ್ಚಿನ ಕೆಲಸ. ನನ್ನ ರಿಲೇ ಕಟಕಟ ಅಂದು ಸುಮ್ಮನಾಗಿತ್ತು. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ವಿಎಫ್‌ಒ. "ಸ್ವಲ್ಪ ಬಾರೇ" ಅಂದೆ. ದೋಸೆ ಹಿಟ್ಟಿನ ಕೈ ತೊಳೆದು, ಒರೆಸಿಕೊಂಡೇ ಬಂದಳು. ಒಳಗೆ ನೂರಾರು ವೋಲ್ಟ್ ಇದೆಯೆಂದು ನಾನೇ ಹೆದರಿಸಿಟ್ಟಿದ್ದೆ. ಕ್ರಮ ನನಗಿಂತ ಬೇಗ ಕಲಿತಳು.

ಭಾನುವಾರ ಹಾಸನದ ಕಡೆಯ ಹಿರಿಯರೊಬ್ಬರು ಸಿಕ್ಕರು. ನಾನು ಸಂಭ್ರಮದಲ್ಲಿ ನಾನೇ ಸ್ವಿಚ್ಚು ಹಾಕಿ ಬಾಯಿ ತೆರೆದೆ. ಸ್ಪೀಕರು ಕಿರ್ರೋ ಅಂದಿತು.

"ರೀ, ಸ್ಟ್ಯಾಂಡ್‌ಬೈ!"

"ಎಎಮ್ ಕೇಳಿ ಎಷ್ಟು ಕಾಲವಾಯ್ತು ಮಾರಾಯ್ರೆ" ಎಂದರು ಹಿರಿಯರು. "ಹಮ್ ಜಾಸ್ತಿ, ಇರಲಿ. ಹಿಂದೆ ಗದರಿಸಿದ ಆಪರೇಟರ್ ಯಾರು? ಅವರಿಗೆ ಪರೀಕ್ಷೆ ಕಟ್ಟಿಸಿ, ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಕೂಡ ಬೇಕಿಲ್ಲ."

"ಕಟ್ತೀನಿ" ಎಂದಳು ಇವಳು, ಆಂಟೆನಾ ಸ್ವಿಚ್ಚು ಬಿಡದೆ. "ಲೈಸೆನ್ಸ್ ಬಂದ ಮೇಲೆ ಸ್ವಿಚ್ಚು ನಿಮ್ಮದು, ಮೈಕು ನನ್ನದು."