ಖಣದ ಅಂಗಿಯ ಮಾರ್ಕೆಟಿಂಗ್ ಮ್ಯಾನೇಜರ್

ನಮ್ಮ ಮನೆಯಲ್ಲಿ ಬಟ್ಟೆ ಉದ್ಯಮ ಶುರುವಾದಾಗ ಹುದ್ದೆಗಳ ಹಂಚಿಕೆ ನನ್ನನ್ನು ಕೇಳದೆಯೇ ಮುಗಿದಿತ್ತು. ನಮ್ಮಾಕಿ ಉತ್ಪಾದನೆ, ಮಗಳು ಡಿಸೈನು ಮತ್ತು ಹಣಕಾಸು, ನಾನು ಮಾರ್ಕೆಟಿಂಗ್. ಮಾರ್ಕೆಟಿಂಗ್ ಅಂದರೆ ಚೀಲ ಹೊರುವುದು ಎಂಬುದು ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಹಮಾಲನೊಬ್ಬ ನನ್ನನ್ನು ಸ್ಪರ್ಧಿಯಂತೆ ನೋಡಿದಾಗಲೇ ತಿಳಿದದ್ದು.

ಮಾಲು ಯಾವುದಪ್ಪಾ ಅಂದರೆ, ಗಂಡಸರ ಖಣದ ಅಂಗಿ. ಗುಳೇದಗುಡ್ಡದ ಖಣ ಹುಟ್ಟಿದ್ದೇ ಕುಬಸಕ್ಕಾಗಿ. ಅದರ ಪನ್ನಾ ಕಡಿಮೆ, ನನ್ನ ಹೊಟ್ಟೆಯ ಪನ್ನಾ ಜಾಸ್ತಿ. ಬಗಲಿಗೆ ಜೋಡು ಕೊಟ್ಟು, ಬೆನ್ನಿಗೆ ಪಟ್ಟಿ ಹಚ್ಚಿ, ತೇರಿನ ಚಿತ್ತಾರ ನೆಟ್ಟಗೆ ಎದೆಯ ಮೇಲೆ ಬರುವಂತೆ ನಮ್ಮಾಕಿ ಹೊಲಿದಳು. ಅಳತೆಗೆ ಸಿಕ್ಕ ಏಕೈಕ ಗಂಡಸು ನಾನು. “ನಿಮಗ ಆತಂದ್ರ ಊರಿಗೆಲ್ಲಾ ಆಗತೈತಿ” ಎಂದಳು. ಇದು ಹೊಗಳಿಕೆ ಅಲ್ಲ ಎಂದು ಮಗಳು ಆಮೇಲೆ ಬಿಡಿಸಿ ಹೇಳಿದಳು.

ನನಗೂ ಒಂದು ಹಮ್ಮಿತ್ತೆನ್ನಿ. 1885ರಲ್ಲಿ ಹುಟ್ಟಿದ ಗೋಕಾಕ ಮಿಲ್ಲಿನಲ್ಲಿ ನಮ್ಮಜ್ಜ ದುಡಿದವನು. ಘಟಪ್ರಭೆಯ ನೀರಿನ ಬಲದಿಂದ ನೂಲು ತೆಗೆದ ಗಿರಣಿ ಅದು. “ನೂಲು ನಮ್ಮ ರಕ್ತದಾಗ ಐತಿ” ಎಂದೆ. “ನಿಮ್ಮಜ್ಜ ಗೇಟಿನಾಗ ಕುಂದರತಿದ್ದ” ಎಂದು ನಮ್ಮಾಕಿ ಸೂಜಿಗೆ ದಾರ ಪೋಣಿಸಿದಳು.

ಗೋಕಾಕದ ಅಂಗಡಿಯಾತ ಅಂಗಿಯನ್ನು ನೋಡುವ ಮೊದಲೇ ಕೇಳಿದ: “ಸೆಟ್ ಐತೇನ್ರಿ?” ಒಂದೊಂದು ಬಣ್ಣಕ್ಕೂ ಮೀಡಿಯಮ್ಮಿನಿಂದ ಡಬಲ್ ಎಕ್ಸೆಲ್ಲಿನ ತನಕ ಸಾಲಾಗಿ ಇರಬೇಕಂತೆ. ನಮ್ಮಲ್ಲಿ ಇದ್ದದ್ದೆಲ್ಲ ನನ್ನ ಸೈಜು. “ಜಿಎಸ್‌ಟಿ ನಂಬರ?” ಎಂದ. ವರ್ಷದ ವಹಿವಾಟು 40 ಲಕ್ಷ ದಾಟಿದ ಮೇಲಷ್ಟೇ ನೋಂದಣಿ ಕಡ್ಡಾಯ ಎಂದು ಮಗಳು ಕಲಿಸಿಕೊಟ್ಟದ್ದನ್ನು ಗತ್ತಿನಿಂದ ಒಪ್ಪಿಸಿದೆ. ಆತ ನನ್ನ ಚಪ್ಪಲಿ ನೋಡಿದ. ನೋಂದಣಿಯೇ ಇಲ್ಲದ ನಮ್ಮ ಮನೆಯಲ್ಲಿ, 2025ರ ಸೆಪ್ಟೆಂಬರಿನಲ್ಲಿ 2,500 ರೂಪಾಯಿ ತನಕದ ಸಿದ್ಧ ಉಡುಪಿಗೆ ತೆರಿಗೆ ಶೇ 5 ಎಂದು ಆದಾಗ ಸಜ್ಜಕ ಮಾಡಿದ್ದೆವು ಎಂಬುದನ್ನು ಆತನಿಗೆ ಹೇಳಲಿಲ್ಲ.

ಮೂಡಲಗಿಗೆ ಹೋಗುವಾಗ ಮಗಳು ಇನ್ನೊಂದು ಅಸ್ತ್ರ ಕೊಟ್ಟಳು. ಉದ್ಯಮ್ ನೋಂದಣಿ ಆಗಿರುವ ಸಣ್ಣ ತಯಾರಕರಿಗೆ 45 ದಿನದೊಳಗೆ ರೊಕ್ಕ ಕೊಡದಿದ್ದರೆ, ಅದನ್ನು ತೀರಿಸುವ ತನಕ ಆ ಖರ್ಚನ್ನು ವ್ಯಾಪಾರಿ ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ. 2024ರ ಏಪ್ರಿಲ್ 1ರಿಂದ ಜಾರಿ. ನಮ್ಮದು ನೋಂದಣಿ ಆಗಿದೆ, ಅದು ಪುಕ್ಕಟೆ, ಆದ್ದರಿಂದ ಆಗಿದೆ. ಅಂಗಡಿಯ ಯಜಮಾನರು ಅಂಗಿ ಮುಟ್ಟಿ ನೋಡಿದರು, ಹೊಲಿಗೆ ಹೊಗಳಿದರು, ಚಹಾ ತರಿಸಿದರು. ಚಹಾದ ಧೈರ್ಯದಲ್ಲಿ ನಾನು ಕಾಯ್ದೆ ತೆಗೆದೆ.

ಅವರು ಸಮಾಧಾನದಿಂದ ಕೇಳಿ, “ಸರ, ಕಬ್ಬಿನ ಬಿಲ್ಲು 14 ದಿನದಾಗ ಕೊಡಬೇಕಂತ 1966ರಿಂದ ಕಾನೂನು ಐತಿ. ಮೊದಲ ಅದು ನಡೀಲಿ, ಆಮ್ಯಾಲೆ ನಿಮ್ಮ 45ಕ್ಕ ಬರೂಣು” ಎಂದರು.

ಆ ಒಂದೇ ಮಾತಿಗೆ ನನ್ನ ಮಾರ್ಕೆಟಿಂಗ್ ಶಾಸ್ತ್ರ ಕುಸಿಯಿತು. ಈ ಭಾಗದ ಜವಳಿ ಅಂಗಡಿಯ ಗಲ್ಲಾ ಇರುವುದು ಕಬ್ಬಿನ ಗದ್ದೆಯಲ್ಲಿ. ಬಿಲ್ಲು ಬಂದರೆ ಲಗ್ನ, ಲಗ್ನವಾದರೆ ಬಟ್ಟೆ ಖರೀದಿಯ ಬಸ್ತಾ, ಬಸ್ತಾ ನಡೆದರೆ ಹಳೆ ಉದ್ರಿ ಚುಕ್ತಾ. 2025ರ ನವೆಂಬರಿನಲ್ಲಿ ಇದೇ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತಿದ್ದಾಗ, ಪೇಟೆಯ ಸೀರೆಗಳೂ ಅವರ ಜೊತೆ ಕಾಯುತ್ತಿದ್ದವು. ನಾನೋ, ಟಿವಿಯಲ್ಲಿ ಅದನ್ನು ನೋಡುತ್ತ ಗುಂಡಿಯ ಬಣ್ಣದ ಬಗ್ಗೆ ನಮ್ಮಾಕಿಯೊಡನೆ ಜಗಳ ಆಡುತ್ತಿದ್ದೆ. “ಮಾರಿದ ಮ್ಯಾಲೆ ರೊಕ್ಕ, ಉಳಿದದ್ದು ವಾಪಸ್” ಎಂದರು ಯಜಮಾನರು. ಒಪ್ಪಿದೆ. ಅಷ್ಟು ಸತ್ಕಾರ ಉಂಡು ಬರಿಗೈಲಿ ಏಳುವುದು ಚೆನ್ನಾಗಿರುವುದಿಲ್ಲವೆಂದು ನಮ್ಮಾಕಿಗೆ ಒಂದು ಇಳಕಲ್ ಸೀರೆ ಕೊಂಡೆ. ಅದಕ್ಕೆ ಮಾತ್ರ ಅವರು ರೋಖ ಕೇಳಿದರು.

ಹುಕ್ಕೇರಿ ಉಳಿದಿತ್ತು. 1969ರಲ್ಲಿ ಸಹಕಾರಿ ಸಂಘ ಕಟ್ಟಿಕೊಂಡು ತಾವೇ ಕರೆಂಟು ಹಂಚುತ್ತ ಬಂದ ಜನ, ನಮ್ಮೊಂದಿಗೂ ಸಹಕರಿಸಿಯಾರೆಂಬ ಆಸೆ. ಜನರಿಗೆ ತೋರಲೆಂದು ನಾನೇ ಅಂಗಿ ತೊಟ್ಟು ಹೊರಟೆ. ಅಂಗಡಿಯಲ್ಲಿ ಗಾದಿ ತುಂಬ ಲಗ್ನದ ಬಸ್ತಾದವರು, ನಡುವೆ ಒಬ್ಬ ಅಜ್ಜಿ. ಅಜ್ಜಿ ನನ್ನ ಎದೆಯ ತೇರನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

“ಯಪ್ಪಾ, ನಿನಗ ಯಾರು ಉಡಿ ತುಂಬಿದರೋ?”

ಖಣ ಅಂದರೆ ಉಡಿಯ ಅಕ್ಕಿ, ತೆಂಗಿನಕಾಯಿಯ ಜೊತೆ ಮುತ್ತೈದೆಗೆ ಸಲ್ಲುವುದು. ಸವದತ್ತಿ ಯಲ್ಲಮ್ಮನಿಗೆ ಏರಿಸುವುದು. ಬೋಳುತಲೆಯ ಗಂಡಸಿನ ಮೈಮೇಲೆ ಅದನ್ನು ಅಜ್ಜಿ ಎಂದೂ ಕಂಡಿರಲಿಲ್ಲ. ಗಾದಿಯ ಮೇಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನಗುತ್ತಲೇ ಎರಡು ಸೀರೆ ಜಾಸ್ತಿ ತೆಗೆಸಿದರು. ಅಂಗಡಿಯವನಿಗೆ ನನ್ನಲ್ಲಿ ವ್ಯಾಪಾರದ ಲಾಭ ಕಂಡಿತು. ಒಂದಿಷ್ಟು ಅಂಗಿ ಇಟ್ಟುಕೊಂಡು, “ನೀವು ವಾರಕ್ಕೊಮ್ಮೆ ಇದನ್ನ ಹಾಕ್ಕೊಂಡು ಬಂದು ಕುಂದರ್ರಿ” ಎಂದ.

ಬಟ್ಟೆಯ ಟ್ಯಾಗಿನಲ್ಲಿ ಬೆಲೆ, ಸೈಜಿನ ಜೊತೆ ಗ್ರಾಹಕರು ದೂರಲು ಒಂದು ಫೋನ್ ನಂಬರೂ ಇರಬೇಕು. ಮನೆಯಲ್ಲಿ ಬೈಸಿಕೊಳ್ಳುವ ಅನುಭವ ಯಾರಿಗಿದೆ ಎಂದು ಮತಕ್ಕೆ ಹಾಕಿ ನನ್ನ ನಂಬರು ಹಾಕಿದ್ದರು. ಮೊನ್ನೆ ಆ ಫೋನು ರಿಂಗಾಯಿತು.

“ಹಲೋ, ಖಣದ ಅಂಗಿಯವರೇನ್ರಿ? ಹುಕ್ಕೇರ್ಯಾಗ ತಗೊಂಡೇವ್ರಿ. ಅರಿವಿ ಭಾಳ ಚಲೋ ಐತಿ.”

ನಾನು ಎದ್ದು ನಿಂತೆ.

“ನಮ್ಮನಿಯವರು ಹಾಕ್ಕೊಳ್ಳೂದಿಲ್ಲ ಅಂತಾರ್ರಿ. ದೊಡ್ಡ ಸೈಜು ಐತಲ್ಲ, ಬಿಚ್ಚಿದ್ರ ಎಷ್ಟು ಕುಬಸ ಆಗಬಹುದು?”

ನಾನು ಉತ್ತರ ಹುಡುಕುವಷ್ಟರಲ್ಲಿ ನಮ್ಮಾಕಿ ಫೋನು ಕಸಿದುಕೊಂಡಳು. “ಎರಡು ಆಗತಾವವ್ವ, ತೋಳು ಗಿಡ್ಡ ಇಟ್ರ. ಹೊಲಿಗಿ ಖರ್ಚು ಬ್ಯಾರೆ. ಅಸ್ತರ ಹಚ್ಚಬೇಕೇನು?”