ಟೆಸ್ಟ್ ಅಲ್ಲ, ಇಂಟರಾಕ್ಷನ್

ನಾವಿರುವುದು ಸಿಂಗಾಪುರದಲ್ಲಿ. ಪಾಸ್‌ಪೋರ್ಟ್ ಬೇಡ; ಗಂಗಮ್ಮ ಸರ್ಕಲ್‌ನಿಂದ ಎಂ.ಎಸ್. ಪಾಳ್ಯದ ಕಡೆ ಬಂದರೆ ಸಿಕ್ಕಿಬಿಡುತ್ತದೆ. 1999ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದ ಮೇಲೆ ಬೆಂಗಳೂರನ್ನು ಸಿಂಗಾಪುರ ಮಾಡುವ ಮಾತು ಎದ್ದಾಗ ನಮ್ಮ ಬೀದಿಯವರು ತಲೆ ಕೆಡಿಸಿಕೊಳ್ಳಲಿಲ್ಲ. ನಾವು ಆಗಲೇ ಆಗಿದ್ದೆವು.

ಸಮುದ್ರದಾಚೆಯ ಸಿಂಗಾಪುರದಲ್ಲಿ ಆರನೇ ಕ್ಲಾಸಿನ ಮಕ್ಕಳಿಗೆ 1960ರಿಂದಲೂ ಪಿಎಸ್‌ಎಲ್‌ಇ ಎಂಬ ಪರೀಕ್ಷೆ ನಡೆಯುತ್ತಿದೆ. ಅಲ್ಲಿಯವರು ಅದನ್ನು ಪರೀಕ್ಷೆ ಎಂದೇ ಕರೆಯುತ್ತಾರೆ, ಪಾಪ. ನಾವು ಮುಂದುವರಿದವರು. ನನ್ನ ಮೊಮ್ಮಗಳನ್ನು ಐದನೇ ಕ್ಲಾಸಿಗೆ ‘ದೊಡ್ಡ ಸ್ಕೂಲಿಗೆ’ ಹಾಕಬೇಕೆಂದು ಮಗ–ಸೊಸೆ ಪಣ ತೊಟ್ಟ ದಿನ ನಾನು ಬಾಯಿ ತಪ್ಪಿ, “ಎಂಟ್ರೆನ್ಸ್ ಟೆಸ್ಟ್ ಯಾವತ್ತು?” ಎಂದು ಕೇಳಿದೆ. ಸೊಸೆ ಸುತ್ತಮುತ್ತ ನೋಡಿ ದನಿ ತಗ್ಗಿಸಿ, “ಮಾವ, ಟೆಸ್ಟ್ ಅನ್ನಬಾರದು. ಇಂಟರಾಕ್ಷನ್” ಎಂದಳು. ಮನೆಯಲ್ಲಿ ಸತ್ತವರ ಹೆಸರನ್ನೂ ಇಷ್ಟು ಭಯಭಕ್ತಿಯಿಂದ ಹೇಳುವುದಿಲ್ಲ.

ಭಯಕ್ಕೆ ಕಾರಣವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್, ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲೀ ಅಪ್ಪ–ಅಮ್ಮನನ್ನಾಗಲೀ ಜರಡಿ ಹಿಡಿಯಕೂಡದು ಎನ್ನುತ್ತದೆ. ಹಿಡಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000ದವರೆಗೆ. ಯಾವುದು ಜರಡಿ ಎಂಬುದನ್ನೂ ಕಾಯ್ದೆ ಬಿಡಿಸಿ ಹೇಳಿದೆ: ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಆರಿಸಲು ಚೀಟಿ ಎತ್ತುವಂಥ ದಾರಿಯೊಂದನ್ನುಳಿದು ಬೇರೇನು ಮಾಡಿದರೂ ಅದು ಜರಡಿಯೇ. ಇದು ಜಾರಿಗೆ ಬಂದದ್ದು 2010ರ ಏಪ್ರಿಲ್ ಒಂದನೇ ತಾರೀಕು. ತಾರೀಕು ನೋಡಿ ಯಾರೂ ನಗಬಾರದು.

ಕಾನೂನು ಬಂದದ್ದೇ ತಡ, ಪರೀಕ್ಷೆ ನಿಂತುಹೋಯಿತು. ಅದರ ಜಾಗದಲ್ಲಿ ಇಂಟರಾಕ್ಷನ್, ಅಸೆಸ್‌ಮೆಂಟ್, ಬೇಸ್‌ಲೈನ್, ರೆಡಿನೆಸ್ ಬಂದವು. ಕ್ಯಾಪಿಟೇಷನ್ ವಸೂಲು ಮಾಡಿದರೆ ಅದರ ಹತ್ತು ಪಟ್ಟಿನವರೆಗೆ ದಂಡ ಎಂದು ಅದೇ ಸೆಕ್ಷನ್ ಗುಡುಗಿತು. ಕೂಡಲೇ ಡೊನೇಷನ್ ಸತ್ತು ಡೆವಲಪ್‌ಮೆಂಟ್ ಫೀ ಹುಟ್ಟಿತು. ಪರ್ಯಾಯ ಪದ ಎಂದರೆ ಹೀಗಿರಬೇಕು. ಮಕ್ಕಳು ವರ್ಷವಿಡೀ ಬಾಯಿಪಾಠ ಮಾಡುವ ವಿದ್ಯೆ ಇದು, ಆಡಳಿತ ಮಂಡಳಿಗಳಿಗೆ ಒಂದೇ ರಾತ್ರಿಯಲ್ಲಿ ಒಲಿದಿತ್ತು.

ನಮ್ಮ ಮನೆಗೆ ಪರ್ಯಾಯ ಪದಗಳು ಬಂದದ್ದು ಟ್ಯೂಷನ್ ಮಿಸ್ ಕೊಟ್ಟ ಜೆರಾಕ್ಸ್ ಹಾಳೆಗಳ ರೂಪದಲ್ಲಿ. ಕ್ರಿಯಾಪದಗಳು ಮಾತ್ರ, ಹನ್ನೊಂದು ಹಾಳೆ. ಮಗನೂ ಸೊಸೆಯೂ ಆಫೀಸಿನಿಂದ ಬರುವುದು ರಾತ್ರಿ ಎಂಟಕ್ಕೆ, ಹಾಗಾಗಿ ಒಪ್ಪಿಸಿಕೊಳ್ಳುವ ಕೆಲಸ ನನ್ನ ಪಾಲಿಗೆ. ‘ವಾಕ್’ ಎಂದರೆ ಸ್ಟ್ರೋಲ್, ಸಾಂಟರ್, ಆಂಬಲ್, ಸ್ಟ್ರೈಡ್, ಟ್ರಡ್ಜ್, ಪ್ಲಾಡ್. ಮಗು ಗಿಣಿಯ ಹಾಗೆ ಹೇಳಿ, “ತಾತ, ಆಂಬಲ್ ಅಂದ್ರೆ ಹೆಂಗೆ?” ಎಂದಿತು.

“ಆರಾಮಾಗಿ, ಕೈ ಬೀಸ್ಕೊಂಡು, ಆ ಕಡೆ ಈ ಕಡೆ ನೋಡ್ತಾ ನಡೆಯೋದು ಪುಟ್ಟಿ.”

“ಎಲ್ಲಿ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಆಂಬಲ್ ಮಾಡಬೇಕಾದರೆ ಫುಟ್‌ಪಾತ್ ಬೇಕು. ನಮ್ಮ ಮೇನ್ ರೋಡಿನಲ್ಲಿ ಚರಂಡಿಯ ಚಪ್ಪಡಿ ಹಾರಿ, ಜಲ್ಲಿ ರಾಶಿ ಬಳಸಿ, ನಿಂತ ಬೈಕುಗಳ ನಡುವೆ ನುಸುಳಿ, ಬಸ್ಸಿಗೆ ಹೆದರಿ ಗೋಡೆಗೆ ಅಂಟಿಕೊಳ್ಳಬೇಕು. ಇಷ್ಟು ಕ್ರಿಯಾಪದ ಮುಗಿದ ಮೇಲೆ ಹಾಲಿನ ಬೂತು ಸಿಗುತ್ತದೆ. ಮಗುವಂತೂ ಮನೆ ಬಾಗಿಲಲ್ಲಿ ವ್ಯಾನ್ ಹತ್ತಿ ಸ್ಕೂಲ್ ಬಾಗಿಲಲ್ಲಿ ಇಳಿಯುವ ಜೀವ. ನಡೆಯುವುದಕ್ಕೆ ಅದಕ್ಕೆ ಆರು ಪದ ಗೊತ್ತು. ನಡೆದು ಗೊತ್ತಿಲ್ಲ.

ಇಂಟರಾಕ್ಷನ್ ಸೀಸನ್ನೂ ಅವರೆಕಾಯಿ ಸೀಸನ್ನೂ ಬೆಂಗಳೂರಿನಲ್ಲಿ ಒಟ್ಟಿಗೇ ಬರುತ್ತವೆ. ನಾವಿಬ್ಬರು ಈ ಕಡೆ ‘ಕಟ್’ ಎಂದರೆ ಚಾಪ್, ಸ್ಲೈಸ್, ಕಾರ್ವ್ ಎಂದು ಜಪ ಮಾಡುತ್ತಿದ್ದರೆ, ಆ ಕಡೆ ನನ್ನ ಮನೆಯಾಕೆ ಮೊರದ ಮುಂದೆ ಕೂತು ಬಾಯಿ ತೆರೆಯದೆ ವ್ಯಾಕರಣ ನಡೆಸುತ್ತಿದ್ದಳು. ಅವರೆಕಾಯಿಯನ್ನು ಬಿಡಿಸುವುದು, ಕಾಳನ್ನು ನೆನೆಹಾಕುವುದು, ನೆನೆದದ್ದನ್ನು ಹಿತಕುವುದು. ಸೊಪ್ಪನ್ನು ಸೋಸುವುದು, ಕೊತ್ತಂಬರಿಯ ಬೇರು ಚಿವುಟುವುದು, ಬದನೆಕಾಯಿ ಹೆಚ್ಚುವುದು, ತೆಂಗಿನಕಾಯಿ ಸುಲಿಯುವುದು, ಒಡೆಯುವುದು, ತುರಿಯುವುದು. ಇದರಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಸಾರು ಕೆಡುತ್ತದೆ. ತೆಂಗಿನಕಾಯಿಯನ್ನು ಹಿತಕಲು ಹೊರಟವನನ್ನು ನಿಮ್ಹಾನ್ಸ್‌ಗೆ ಕರೆದೊಯ್ಯಬೇಕಾಗುತ್ತದೆ. ‘ಹಿತಕು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಮಗು ಕೇಳಿತು. ಹನ್ನೊಂದು ಹಾಳೆ ತಿರುವಿ ಹಾಕಿದೆವು. ಸ್ಕ್ವೀಜ್ ಎನ್ನೋಣವೆಂದರೆ ಅದು ನಿಂಬೆಹಣ್ಣಿಗೆ. ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪುಳಕ್ಕನೆ ಜಿಗಿಯುವ ಆ ಒಂದು ಒತ್ತು, ಆ ಭಾಷೆಯವರಿಗೆ ಬೇಕಾಗಿಯೇ ಇರಲಿಲ್ಲ. ಅದು ಅವರ ತಪ್ಪಲ್ಲ. ಅವರ ಬಾಯಿಗೆ ಹಿತಕಿದ ಬೇಳೆ ಬಿದ್ದಿಲ್ಲ.

ಸಂಸ್ಕೃತದ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದ ಹಿಂದಿನವರೂ ಏನು ಕಡಿಮೆ ಇರಲಿಲ್ಲ ಅನ್ನಿ. ಆದರೆ ಅಮರಸಿಂಹ ಜಾಣ. ಅವನು ಪಟ್ಟಿ ಮಾಡಿದ್ದು ನಾಮಪದಗಳನ್ನು. ಸೂರ್ಯನಿಗೆ ಎಷ್ಟು ಹೆಸರಿಟ್ಟರೂ ಸೂರ್ಯ ಬೇಡವೆನ್ನುವುದಿಲ್ಲ. ಕ್ರಿಯಾಪದದ ತಂಟೆಗೆ ಅವನು ಹೋಗಲಿಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲ್ ಸಾಹೇಬರು ನಮ್ಮ ಮಾತುಗಳನ್ನು ವರ್ಷಾನುಗಟ್ಟಲೆ ಹೆಕ್ಕಿ 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚು ಹಾಕಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ಕೂತಿದೆ. ಎಂಟು ಸಂಪುಟಕ್ಕೂ ನಮ್ಮ ಮನೆಯಲ್ಲಿ ಜಾಗವಿಲ್ಲ; ಷೆಲ್ಫಿನಲ್ಲಿ ಫ್ಲ್ಯಾಶ್ ಕಾರ್ಡುಗಳಿವೆ.

ಇಂಟರಾಕ್ಷನ್ ದಿನ ಮಗ, ಸೊಸೆ ಇಬ್ಬರೂ ರಜೆ ಹಾಕಿದರು. ಸೊಸೆ ಸೀರೆ ಉಟ್ಟಳು, ಮಗ ಟೈ ಕಟ್ಟಿದ. ಟೆಸ್ಟ್ ಅಲ್ಲವಲ್ಲ, ಹಾಗಾಗಿ ಮಗುವಿನ ಹಣೆಗೆ ದೇವರ ಕುಂಕುಮ ಇಟ್ಟು, ಬಾಯಿಗೆ ಮೊಸರು–ಸಕ್ಕರೆ ಹಾಕಿ ಕಳಿಸಿದೆವು. ಹವಾನಿಯಂತ್ರಿತ ಹಾಲಿನಲ್ಲಿ ಎರಡೂವರೆ ಗಂಟೆ ಕೂರಿಸಿದರಂತೆ. ನನ್ನಾಕೆಯ ಭಾಷೆಯಲ್ಲಿ ಇದಕ್ಕೆ ನೆನೆಹಾಕುವುದು ಎನ್ನುತ್ತಾರೆ. ಚೆನ್ನಾಗಿ ನೆನೆದ ಮೇಲೆ ಅಪ್ಪ–ಅಮ್ಮನನ್ನು ಒಂದು ಕೋಣೆಗೆ, ಮಗುವನ್ನು ಇನ್ನೊಂದಕ್ಕೆ ಕರೆದರು.

ಮಗುವಿನ ಮುಂದೆ ಮೇಡಂ ಒಂದು ಚಿತ್ರ ಇಟ್ಟರು. ಊಟದ ಮೇಜು, ನಗುತ್ತಿರುವ ಸಂಸಾರ. ‘ಈಟ್’ ಎಂಬುದಕ್ಕೆ ಬೇರೆ ಪದಗಳನ್ನು ಹೇಳು ಎಂದರು. ಇದು ನಾಲ್ಕನೇ ಹಾಳೆ, ಮೂರನೇ ಸಾಲು. ಗಾಬಲ್, ಮಂಚ್, ನಿಬಲ್, ಡಿವೌರ್, ಸ್ವಾಲೋ. ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಹೇಳುತ್ತಿದ್ದಳು. ಆದರೆ ಆ ಗಳಿಗೆಯಲ್ಲಿ ಅವಳಿಗೆ ಅಜ್ಜಿ ಹೊಕ್ಕಳೆಂದು ಕಾಣುತ್ತದೆ. ಮೇಡಮ್ಮನ್ನೇ ತಿರುಗಿ ಕೇಳಿದಳು: “ಏನನ್ನ ತಿನ್ನೋದು ಮ್ಯಾಮ್?”

ಮೇಡಂಗೆ ಅರ್ಥವಾಗಲಿಲ್ಲ. ಮಗು ಬಿಡಿಸಿ ಹೇಳಿತು. ಮುದ್ದೆಯಾದರೆ ಸ್ವಾಲೋ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ತಾತ ಬೈಯುತ್ತಾರೆ. ಚಕ್ಕುಲಿಯಾದರೆ ಮಂಚ್. ಚಕ್ಕುಲಿಯನ್ನು ಸ್ವಾಲೋ ಮಾಡಿದರೆ ಗಂಟಲಲ್ಲಿ ಸಿಕ್ಕಿಕೊಂಡು ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಮಾವಿನ ಗೊರಟೆಯನ್ನು ಚೀಪಬೇಕು, ಅದಕ್ಕೆ ಹಾಳೆಯಲ್ಲಿ ಪದವೇ ಇರಲಿಲ್ಲ. ಚಿತ್ರದಲ್ಲಿರುವವರ ತಟ್ಟೆ ಖಾಲಿ ಇದೆ, ಹಾಗಾಗಿ ಅವರು ಏನು ಮಾಡುತ್ತಿದ್ದಾರೆಂದು ಹೇಳುವುದಕ್ಕಾಗುವುದಿಲ್ಲ ಮ್ಯಾಮ್.

ಮೇಡಂ ಹಾಳೆಯ ಮೇಲೆ ಏನೋ ಬರೆದುಕೊಂಡರು. ಮಗು ತಲೆಕೆಳಗಾಗಿಯೇ ಓದಿಕೊಂಡು ಬಂದಿತ್ತು: ‘ಕನ್‌ಫ್ಯೂಸ್ಡ್’.

ಇತ್ತ ಪಕ್ಕದ ಕೋಣೆಯಲ್ಲಿ ಮಗನನ್ನು ಒಂದು ಕ್ರಿಯಾಪದವನ್ನೂ ಕೇಳಲಿಲ್ಲ. ಬರೀ ಅಂಕಿ ತೋರಿಸಿದರು. ಅದನ್ನು ಅವನು ಮನೆಗೆ ಬಂದು ಹೇಳಿದಾಗ ನಮ್ಮ ಕನ್ನಡ ಎಷ್ಟು ಸಮೃದ್ಧವಾದದ್ದು ಎಂದು ನನಗೆ ಹೊಳೆಯಿತು. ಸುಲಿ, ಕೀಳು, ಹಿಂಡು, ಬೋಳಿಸು, ದೋಚು, ಕಕ್ಕಿಸು. ಇವು ಆರೂ ನಿಜವಾಗಿ ಪರ್ಯಾಯ ಪದಗಳೇ. ಯಾವುದನ್ನು ಯಾವುದರ ಜಾಗಕ್ಕೆ ಹಾಕಿದರೂ ಫೀ ಅಷ್ಟೇ ಇರುತ್ತದೆ. ಆದರೂ ಎಲ್ಲಕ್ಕಿಂತ ಹೊಂದುವ ಪದವನ್ನು ನನ್ನಾಕೆ ಮೊರದ ಮುಂದೆ ಕೂತು ಬೆರಳಲ್ಲೇ ಹೇಳುತ್ತಿದ್ದಳು. ಪುಳಕ್! ಬೇಳೆ ಪಾತ್ರೆಗೆ, ಸಿಪ್ಪೆ ಕಸಕ್ಕೆ.

“ಅಪ್ಪ, ನೀವೂ ಓದಿದ್ದು ಸರ್ಕಾರಿ ಸ್ಕೂಲಲ್ಲಿ ಅಂತ ಈಗ ಶುರು ಮಾಡಬೇಡಿ” ಎಂದ ಮಗ. ನಾನು ಬಾಯಿಯನ್ನೇ ತೆರೆದಿರಲಿಲ್ಲ.

ಐದನೇ ದಿನ ಸಂಜೆ ಮೊಬೈಲ್ ಟಣ್ ಎಂದಿತು. ಸೊಸೆ ಓಡಿಬಂದು ನೋಡಿ ಸುಮ್ಮನೆ ಸೋಫಾದ ಮೇಲೆ ಕೂತಳು. ಸಿಕ್ಕಿತು ಎಂದೂ ಇಲ್ಲ, ಸಿಗಲಿಲ್ಲ ಎಂದೂ ಇಲ್ಲ. ‘ವೇಟ್‌ಲಿಸ್ಟೆಡ್’.

ಒಳಗಿನಿಂದ ನನ್ನಾಕೆ, “ಏನಂತೆ?” ಎಂದು ಕೂಗಿದಳು.

“ವೇಟ್ ಅಂತೆ ಅಜ್ಜಿ.”

“ಹಂಗಂದ್ರೆ?”

ಮಗು ಏಳನೇ ಹಾಳೆಯನ್ನು ನೆನಪಿಸಿಕೊಂಡಿತು. ಲಿಂಗರ್, ಟ್ಯಾರಿ, ಬೈಡ್. ಒಂದೂ ಅಜ್ಜಿಗೆ ತಾಗುವಂತೆ ಕಾಣಲಿಲ್ಲ. ಕೊನೆಗೆ, “ಕಾಯಿ ಅಂತ ಹೇಳಿದ್ದಾರೆ ಅಜ್ಜಿ, ಕಾಯಿ” ಎಂದಿತು.

“ಕಾಯಿನಾ? ಅದನ್ನ ಮೊದ್ಲೇ ಹೇಳ್ಬಾರ್ದಾ. ಇಲ್ಲಿ ಎರಡು ಕೆಜಿ ಹಂಗೇ ಬಿದ್ದದೆ. ಬಾ, ಬಿಡಿಸು.”